ನೇರಳೆ ತೆನೆಯ ಹುಲ್ಲು

"ಇದೊಂದು ಬುಡ ಕಿತ್ಕೊಡು ರೋಸ್‌ಮೇರಿ. ನಮ್ಮ ಸುಷ್ಮಾ ಮನೆ ಗೇಟ್ ಪಕ್ಕ ಚೆನ್ನಾಗಿ ಕಾಣುತ್ತೆ," ಎಂದು ಪಕ್ಕದ ಮನೆಯ ಮಂಜುಳಮ್ಮ ನೇರಳೆ ತೆನೆಗಳ ಮೇಲೆ ಅಂಗೈ ಆಡಿಸಿದರು. ಮಗಳು ವಿಜಯನಗರದಲ್ಲಿ ಮನೆ ಕಟ್ಟಿಸಿದ್ದಳು. ಬರುವ ವಾರ ಗೃಹಪ್ರವೇಶ.

ನಜರ್‌ಬಾದಿನ ಆ ಹಳೆಯ ಮನೆಯ ಮುಂದೆ ರೋಸ್‌ಮೇರಿ ಬೆಳೆಸಿದ್ದೆಲ್ಲ ಈ ಸೀಮೆಯ ಹುಲ್ಲೇ. ಗೋಡೆಯುದ್ದಕ್ಕೂ ಲಾವಂಚ, ಮೂಲೆಯಲ್ಲಿ ಕಾಚಿಹುಲ್ಲು, ಬೆಟ್ಟದ ತಪ್ಪಲಿನಿಂದ ತಂದ ಕರಡ. ಗುಲಾಬಿ ಕುಂಡಗಳಿದ್ದ ಜಾಗದಲ್ಲಿ ಸೊಸೆ ದನ ಮೇಯುವಂಥದ್ದನ್ನು ನೆಟ್ಟಿದ್ದಾಳೆಂದು ಅತ್ತೆ ಇನ್ನಾಸಮ್ಮ ಕಂಡಕಂಡವರಲ್ಲಿ ಹೇಳಿಕೊಳ್ಳುತ್ತಿದ್ದರು. ಈಗಲೂ ಜಗಲಿಯಿಂದಲೇ ಕೂಗಿದರು: "ಒಂದ್ ಬುಡ ಯಾಕೆ ಮಂಜುಳಮ್ಮ, ಪೂರ್ತಿ ತಗೊಂಡೋಗಿ!"

"ಲಾವಂಚ ಕೊಡ್ತೀನಿ ಮಂಜುಳಮ್ಮ. ಇದೊಂದು ಬೇಡ," ಎಂದಳು ರೋಸ್‌ಮೇರಿ.

"ಅಯ್ಯೋ, ಹುಲ್ಲು ಕಣಮ್ಮ ನಾನು ಕೇಳ್ತಿರೋದು, ಚಿನ್ನ ಅಲ್ಲ."

ಮಂಜುಳಮ್ಮನ ಮುಖ ಸಪ್ಪಗಾಯಿತು. ರೋಸ್‌ಮೇರಿಯ ಗಂಡ ದೇವಸಹಾಯಂ ತೀರಿಕೊಂಡಾಗ ತಿಂಗಳುಗಟ್ಟಲೆ ಈ ಮನೆಗೆ ಊಟ ಕಳಿಸಿದ ಹೆಂಗಸು. ಅವರಿಗೆ ಸುಳ್ಳು ಹೇಳಲು ರೋಸ್‌ಮೇರಿಗೆ ಬಾಯಿ ಬರಲಿಲ್ಲ.

"ಇದು ನಮ್ಮನೆಯವರ ಸಮಾಧಿ ಮೇಲಿಂದು. ಹೋದ ವರ್ಷ ಸತ್ತವರ ಹಬ್ಬಕ್ಕೆ ಮುಂಚೆ ಕ್ಲೀನ್ ಮಾಡೋರು ಎಲ್ಲಾನೂ ಕೆತ್ತಿ ಹಾಕ್ತಿದ್ರು. ಮಣ್ಣು ಸಮೇತ ಒಂದು ಬುಡ ತಂದ್ಬುಟ್ಟೆ."

ಮಂಜುಳಮ್ಮ ಕೈ ಹಿಂದಕ್ಕೆಳೆದುಕೊಂಡರು. "ಬೇಜಾರ್ ಮಾಡ್ಕೋಬೇಡ ಕಣಮ್ಮ, ಶುಭಕಾರ್ಯ ನೋಡು," ಎನ್ನುತ್ತ ಅಂಗೈಯನ್ನು ಸೆರಗಿಗೆ ಒರೆಸಿಕೊಂಡರು. ಒರೆಸಿದ್ದು ಇವಳಿಗೆ ಕಂಡಿತೆಂದು ಗೊತ್ತಾಗಿ, ನಾಚಿ, ಲಗುಬಗೆಯಿಂದ ಗೇಟು ದಾಟಿದರು.

ಇನ್ನಾಸಮ್ಮ ಜಗಲಿ ಇಳಿದು ಬಂದರು. ಗೋರಿಯ ಮೇಲಿನದನ್ನು ಮನೆ ಮುಂದೆ ನೆಟ್ಟೆಯಾ ಎಂದು ಅತ್ತೆ ರೇಗುವುದನ್ನೇ ರೋಸ್‌ಮೇರಿ ಕಾದಳು.

"ಹೋದ ತಿಂಗಳು ಕರಿಬೇವು ನೆಡೋಕೆ ಅಂತ ನಾನು ಇದರಲ್ಲಿ ಅರ್ಧ ಅಗೆದು ಬಿಸಾಕ್ದೆನಲ್ಲೇ," ಎಂದರು ಇನ್ನಾಸಮ್ಮ. "ಆವಾಗ ನೀನು ಇಲ್ಲೇ ನಿಂತಿದ್ದೆ. ಬಾಯಿ ಬಿಡ್ಲಿಲ್ಲ."

"ಹೇಳಿದ್ರೆ ಉಳಿದಿದ್ದನ್ನೂ ಕೀಳಿಸ್ತೀರಿ ಅಂದ್ಕೊಂಡೆ, ಅತ್ತೆ."

"ನಾನು ಹೆತ್ತೋಳು ಕಣೇ."

ಅಷ್ಟೇ ಅಂದು ಹಿತ್ತಲ ಕಡೆ ನಡೆದರು. ರೋಸ್‌ಮೇರಿಯೂ ಹಿಂದೆಯೇ ಹೋದಳು. ಕಾಂಪೌಂಡಿನ ಮೂಲೆಯ ಕಸದ ಗುಡ್ಡೆಯ ಮುಂದೆ, ಮಂಡಿ ನೋವಿನ ಮುದುಕಿ ಕುಕ್ಕರಗಾಲಲ್ಲಿ ಕೂತು ತೆಂಗಿನ ಗರಿ ಸರಿಸುತ್ತಿದ್ದರು.

"ಇದಾ?"

"ಅಲ್ಲ, ಅದು ಗರಿಕೆ."

"ಹಂಗಾದ್ರೆ ಇದಾ ನೋಡು."

ಎಲೆ ಬೂದಿಬಣ್ಣಕ್ಕೆ ತಿರುಗಿ, ತೆನೆಯೆಲ್ಲ ಉದುರಿಹೋಗಿದ್ದ ಒಂದು ಬುಡ. ಒಣಗಿದ ಮೇಲೆ ಯಾವುದು ಕರಡ, ಯಾವುದು ಅದು ಎಂದು ರೋಸ್‌ಮೇರಿಗೂ ಗುರುತು ಹತ್ತಲಿಲ್ಲ.

"ಹೂಂ, ಅದೇ," ಎಂದಳು.

ಬೇರಿಗೆ ಸಿಕ್ಕಿಕೊಂಡಿದ್ದ ನಾರನ್ನು ಇನ್ನಾಸಮ್ಮ ಬಿಡಿಸಿ ತೆಗೆದರು. ನಲ್ಲಿಯ ಕೆಳಗಿನ ಬಕೆಟ್ಟಿನಲ್ಲಿ ಬುಡವನ್ನು ಮುಳುಗಿಸಿ, ತೇಲದಂತೆ ಅಂಗೈಯಿಂದ ಅದುಮಿ ಹಿಡಿದು ಅಲ್ಲೇ ಕುಳಿತರು. ಬೇರಿನ ಮಣ್ಣು ಕರಗಿ ನೀರು ಮೆಲ್ಲಗೆ ಕೆಂಪಾಗತೊಡಗಿತು.