ಚೀಟಿಯಿಲ್ಲದ ಜಾಡಿಗಳು

ಅಪ್ಪನ ಶವದ ತಲೆಯ ಹತ್ತಿರ ಅವರ ಫೋಟೋ ನಿಲ್ಲಿಸುತ್ತಿದ್ದ ಮಗಳ ಕೈ ತಟ್ಟನೆ ನಿಂತಿತು. ಚಿತ್ರದಲ್ಲಿ ಬೆಳಗ್ಗೆ ಬೆಳ್ಳಗಿದ್ದ ಅಂಗಿ ನೇರಳೆಯಾಗಿತ್ತು. ನೋಡನೋಡುತ್ತಲೇ ಕೆನ್ನೆಗೂ ಕಪ್ಪು ಹತ್ತುತ್ತಿತ್ತು.

"ಇದೇನೇ, ಅಣ್ಣನ ಮುಖ ಹೀಗಾಗ್ತಿದೆ?" ಚಿಕ್ಕಪ್ಪ ಬಗ್ಗಿ ನೋಡಿದರು.

"ಬೆಳಕಿಗೆ ಹಾಗೆ ಕಾಣುತ್ತೆ, ಚಿಕ್ಕಪ್ಪ." ಅವಳು ಚಿತ್ರವನ್ನು ಎದೆಗೆ ತಿರುಗಿಸಿ ಹಿಡಿದಳು.

ಫೋಟೋ ಸ್ಟುಡಿಯೋ ನಡೆಸಿ ಊರವರ ಮುಖವನ್ನೆಲ್ಲ ತೊಳೆದು ಕೊಟ್ಟ ಅಪ್ಪನಿಗೆ ತಮ್ಮದೆಂದು ಇದ್ದದ್ದು ಇದೊಂದೇ ಚಿತ್ರ. ನೆಗೆಟಿವ್ ಎಲ್ಲಿಟ್ಟರೋ ಅವರಿಗೇ ಗೊತ್ತು. ಕಾಗದಕ್ಕೆ ಬೆಳಕು ತೋರಿಸಿ, ತೊಳೆಯದೆ ಕಪ್ಪು ಲಕೋಟೆಯಲ್ಲಿಟ್ಟು, ಮೇಲೆ ಬರೆದಿದ್ದರು: 'ನಾನು. ಹೋದಮೇಲೆ ತೊಳಿ.' ಇದೂ ಹೋದರೆ ಅಪ್ಪನ ಮುಖ ಇನ್ನೆಲ್ಲೂ ಇಲ್ಲ.

* * *

ಹತ್ತು ವರ್ಷದವಳಿದ್ದಾಗ ಫೋಟೋ ತೊಳೆಯುವ ಕತ್ತಲೆಕೋಣೆಯಲ್ಲಿ ಕೇಳಿದ್ದಳು: "ಅಪ್ಪಾ, ಮೂರು ಜಾಡಿನೂ ಒಂದೇ ಥರ ಇವೆ. ಚೀಟಿ ಅಂಟಿಸಬಾರದಾ?"

"ಕತ್ತಲಲ್ಲಿ ಚೀಟಿ ಓದ್ತೀಯಾ, ಜಾಣೆ? ಮೂಗು ಇರೋದು ಯಾಕೆ? ಗೀಚಿದ ಬೆಂಕಿಕಡ್ಡಿ ವಾಸನೆ ಬಂದ್ರೆ ಹೈಪೋ. ಹೈಪೋ ಕುಡಿಯದ ಚಿತ್ರ ಬೆಳಕಲ್ಲಿ ಉಳಿಯಲ್ಲ ಕಣೆ."

* * *

ಮೂಗಂತೆ ಮೂಗು! ನಿನ್ನೆಯಿಂದ ಅತ್ತೂ ಅತ್ತೂ ಕಟ್ಟಿಹೋಗಿತ್ತು. ಬೆಳಗ್ಗೆ ಹೊಸ ಡೆವಲಪರ್ ಪುಡಿ ಕಲಸಿ ಚಿತ್ರ ಮೂಡಿಸಿದ ಮೇಲೆ, ಹೈಪೋ ಎಂದು, ಮೂಡುವುದನ್ನು ನಿಲ್ಲಿಸುವ ಆಸಿಡ್ ಜಾಡಿಗೇ ಕೈ ಹಾಕಿದ್ದಳು.

ಫೋಟೋವನ್ನು ಸೆರಗಿನಲ್ಲಿ ಸುತ್ತಿಕೊಂಡು ಕತ್ತಲೆಕೋಣೆಗೆ ಓಡಿದಳು. ಉಳಿದ ಎರಡು ಜಾಡಿಗಳಲ್ಲಿ ಒಂದು ಹೈಪೋ. ಇನ್ನೊಂದು ಅಪ್ಪನ ಹಳೆಯ ಡೆವಲಪರ್. ಬೆಳಕು ಕಂಡ ಚಿತ್ರ ಅದಕ್ಕೆ ಬಿದ್ದರೆ ಪೂರ್ತಿ ಮಸಿ. ಕೆಂಪು ದೀಪದಡಿ ಬಗ್ಗಿ ಮೂಸಿದಳು. ಯಾವ ವಾಸನೆಯೂ ಬರಲಿಲ್ಲ.

ಬಾಗಿಲು ಸರಿಯಿತು. ಅಮ್ಮ. ಒಂದು ಹನಿ ಕಣ್ಣೀರೂ ಹಾಕಲಿಲ್ಲ, ಎಂಥ ಕಲ್ಲುಗುಂಡಿಗೆ ಎಂದು ಹೊರಗೆ ನೆಂಟರು ಪಿಸುಗುಡುತ್ತಿದ್ದರು.

"ಬಾಗಿಲು ಹಾಕಮ್ಮಾ! ನನಗೆ ಯಾವುದು ಹೈಪೋ ಅಂತ ತಿಳೀತಿಲ್ಲ."

ಅಮ್ಮ ಎರಡನ್ನೂ ಮೂಸಿದಳು. "ಇದು."

"ಖಂಡಿತಾನಾ? ತಪ್ಪಿದ್ರೆ ಅಪ್ಪ ಪೂರ್ತಿ ಹೋಗ್ಬಿಡ್ತಾರೆ. ನಂಗೆ ಭಯ ಆಗ್ತಿದೆ."

"ಮೂವತ್ತು ವರ್ಷ ಈ ವಾಸನೆ ಬಡಿದ ಅವರ ಅಂಗಿ ಒಗೆದಿದೀನಿ, ನಂಗೇ ಹೇಳ್ಕೊಡ್ತೀಯಾ? ಸುರಿ."

ಮಗಳು ತಟ್ಟೆಗೆ ಸುರಿದಳು. ಅಮ್ಮ ಚಿತ್ರವನ್ನು ತಾನೇ ಮುಳುಗಿಸಿ ಅಂಗೈಯಲ್ಲಿ ಒತ್ತಿ ಹಿಡಿದಳು. ಮಗಳು ಕಣ್ಣು ಮುಚ್ಚಿಕೊಂಡಳು. ತೆರೆದಾಗ ಮಸಿಯಾಗಿರಲಿಲ್ಲ. ಕೆನ್ನೆ ಮೆಲ್ಲಗೆ ತಿಳಿಯಾಗುತ್ತಿತ್ತು. ಅಂಗಿಯ ಮೇಲೆ ಮಬ್ಬು ಉಳಿದೇ ಹೋಯಿತು, ಕಣ್ಣು ಮಾತ್ರ ಅಪ್ಪನದೇ.

"ಗಾಡಿ ಬಂತು, ಬೇಗ ಬನ್ನಿ!" ಹೊರಗೆ ಚಿಕ್ಕಪ್ಪ ಕೂಗಿದರು.

"ಕೈ ತೊಳ್ಕೊಮ್ಮಾ," ಮಗಳು ನಲ್ಲಿ ತಿರುಗಿಸಿದಳು.

ಅಮ್ಮ ತೊಳೆಯಲಿಲ್ಲ. ಅಪ್ಪನನ್ನು ಹೊತ್ತ ಗಾಡಿ ತಿರುವು ದಾಟುವವರೆಗೂ ಒದ್ದೆ ಅಂಗೈಯನ್ನು ಮೂಗಿಗೆ ಒತ್ತಿಕೊಂಡು, ನಡುಬೀದಿಯಲ್ಲಿ ನಿಂತು ಅಳುತ್ತಿದ್ದಳು.