ತಾಗದ ಏಟು

"ಏಟು ಲೈಟ್ ಆಯ್ತು," ಎಂದರು ಅಶ್ವತ್ಥ.

ಸುಹಾಸನ ಬೆತ್ತದ ಕತ್ತಿ ಅವರ ಉಕ್ಕಿನ ಟೊಪ್ಪಿಗೆಗೆ ಬಡಿದ ಸದ್ದಿಗೆ ಫ್ಯಾಕ್ಟೋರಿಯಾ ಎಂಬ ಅಮೆರಿಕನ್ ಬಡಾವಣೆಯ ಪಾರ್ಕಿನಲ್ಲಿ ಯಾರದೋ ನಾಯಿ ಬೊಗಳಿತ್ತು. ಅವನ ಗುರುಗಳಾದ ಅಶ್ವತ್ಥರಿಗೆ ಮಾತ್ರ ತಾಗಿರಲಿಲ್ಲ.

ಹಳೇ ಕಾಲದ ಕಾಳಗವನ್ನು ವೇಷ ಕಟ್ಟಿ ಆಡುವ ಅವರ ಮಂಡಳಿಯ ನಿಯಮವೇ ಹಾಗೆ. ಶನಿವಾರ ಬೆಳಿಗ್ಗೆ ಹದಿನಾಲ್ಕನೇ ಶತಮಾನದ ಯುರೋಪಿಗೆ ಹೋಗಿ ಮಧ್ಯಾಹ್ನದ ಊಟಕ್ಕೆ ವಾಪಸಾಗುವ ಈ ಜನರಲ್ಲಿ, ಏಟು ಬಿತ್ತೋ ಇಲ್ಲವೋ ಎಂದು ಹೇಳಬೇಕಾದವನು ಏಟು ತಿಂದವನೇ. ಬಲವಾಗಿ ಬಿತ್ತು ಅನಿಸಿದರೆ ತಾನಾಗಿ ಸತ್ತು ಬೀಳಬೇಕು. ಕಾಳಗ ಮುಗಿಯಿತೆಂದು ರೆಫರಿ ಶಾಲಿನಿ ಕೂಗುವವರೆಗೆ ಸತ್ತವನು ಏಳಬಾರದು, ಮಾತಾಡಬಾರದು. ಎಲ್ಲವೂ ಮರ್ಯಾದೆಯ ಮೇಲೆ ನಡೆಯುತ್ತದೆ.

ಅಶ್ವತ್ಥರದು ವೀರಯೋಧರ ಬಿಳಿ ಸೊಂಟಪಟ್ಟಿ. ಉಳಿದ ದಿನ ಎವರೆಟ್ಟಿನ ವಿಮಾನ ಕಾರ್ಖಾನೆಯಲ್ಲಿ ಸೀಟುಗಳ ಇಂಜಿನಿಯರ್. ಸುಹಾಸನದು ಶಿಷ್ಯನ ಕೆಂಪು ಪಟ್ಟಿ. ಮೊಣಕಾಲೂರಿ ಅದನ್ನು ಕಟ್ಟಿಸಿಕೊಂಡಂದಿನಿಂದ, ಮನೆಯಲ್ಲಿ ಕಾಫಿ ಲೋಟ ತೊಳೆಯದವನು ಗುರುಗಳ ಕವಚಕ್ಕೆ ಎಣ್ಣೆ ಹಚ್ಚಿದ್ದಾನೆ, ಡೇರೆ ಹೊತ್ತಿದ್ದಾನೆ. ಅವನಿಗೆ ಬೇಕಾದದ್ದು ಒಂದೇ: ಈ ಮನುಷ್ಯ ಒಮ್ಮೆ "ತಾಗಿತು" ಅನ್ನಬೇಕು. ಆಫೀಸಿನ ಮೀಟಿಂಗಿನಲ್ಲಾಗಲಿ ಮನೆಯ ಊಟದ ಮೇಜಿನಲ್ಲಾಗಲಿ ಅವನು ಆಡಿದ್ದು ಯಾರಿಗೂ ತಾಗಿದ ಲಕ್ಷಣವಿರಲಿಲ್ಲ.

"ಸಾರ್, ಚೆನ್ನಾಗೇ ಬಿತ್ತಲ್ವಾ?"

"ಗುರುವಿಗೇ ತಿರುಮಂತ್ರನಾ? ಹೊಡಿಯೋದು ನಿನ್ ಕೆಲಸ. ಬಿತ್ತಾ ಇಲ್ವಾ ಅನ್ನೋದು ನಂದು."

ಸುಹಾಸ್ ಇದ್ದಬದ್ದ ಶಕ್ತಿಯೆಲ್ಲ ಸೇರಿಸಿ ಬೀಸಿದ. ಟೊಪ್ಪಿಗೆಯ ಉಕ್ಕು ತಗ್ಗುಬಿತ್ತು. ಅಶ್ವತ್ಥರು ತೂರಾಡಿ ಸುಧಾರಿಸಿಕೊಂಡರು.

"ಈಗ?"

"ಪರವಾಗಿಲ್ಲ. ಇಂಪ್ರೂವ್ ಆಗ್ತಿದೀಯ."

ಅವನಿಗೆ ಅಳು ಬಂತು. ಟೊಪ್ಪಿಗೆಯ ಮುಖ ಮುಚ್ಚುವ ಕಬ್ಬಿಣದ ಜಾಲರಿಯ ಹಿಂದೆ ಅಳುವುದು ಸುಲಭ, ಒರೆಸಿಕೊಳ್ಳುವುದು ಕಷ್ಟ. ಅಷ್ಟರಲ್ಲಿ ಅಶ್ವತ್ಥರ ಕತ್ತಿ ಅವನ ಕಿವಿಯ ಪಕ್ಕದ ಗಾಳಿಗೆ ಹೊಡೆದು ಮುಂದೆ ಹೋಯಿತು.

"ತಾಗಿತು!" ಎಂದು ಕೂಗಿ ಸುಹಾಸ್ ದೊಪ್ಪನೆ ಬಿದ್ದ.

ತಾಗಿಲ್ಲವೆಂದು ಗುರುಗಳಿಗೆ ಗೊತ್ತಿತ್ತು. ಇನ್ನಾದರೂ ನಾಚಲಿ ಎಂದೇ ಅವನು ಸತ್ತದ್ದು.

ಸುತ್ತ ನಿಂತವರು ಚಪ್ಪಾಳೆ ತಟ್ಟಿದರು.

"ನೋಡಿದ್ಯಾ ಶಾಲಿನಿ, ಮರ್ಯಾದೆ ಅಂದ್ರೆ ಇದು," ಎಂದರು ಅಶ್ವತ್ಥ. ಅವರ ದನಿ ನಿಜವಾಗಿಯೂ ಗದ್ಗದವಾಗಿತ್ತು. "ನಾನೇ ಟ್ರೇನ್ ಮಾಡಿದ್ದು."

"ಗ್ರೇಟ್ ಸಾರ್. ಲಂಚ್ ಎಲ್ಲಿ?"

ಆಗಲೇ ಪಾರ್ಕಿನ ಸ್ಪ್ರಿಂಕ್ಲರುಗಳು ಚಿಮ್ಮಿದವು. ಹದಿನಾಲ್ಕನೇ ಶತಮಾನ ಕಿರುಚುತ್ತ ಕಾರುಗಳ ಕಡೆ ಓಡಿತು. ಮುಗಿಯಿತೆಂದು ಕೂಗಬೇಕಾದ ಶಾಲಿನಿ ಎಲ್ಲರಿಗಿಂತ ಮುಂದಿದ್ದಳು. ಕಾರುಗಳು ಒಂದೊಂದಾಗಿ ಹೊರಟವು.

ಸುಹಾಸ್ ಅಂಗಾತ ಬಿದ್ದೇ ಇದ್ದ. ನೀರು ಸುತ್ತಿ ಸುತ್ತಿ ಬಂದು ಜಾಲರಿಯ ಸಂದಿಗಳಿಂದ ಇಳಿದು ಬಾಯಿ ತುಂಬತೊಡಗಿತು. ಸತ್ತವನು ಉಗುಳಬಹುದೇ ಎಂಬುದನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.