ಟ್ಯಾನರ್ ದೊರೆಯ ಪೈಕಿ

ಉಣ್ಣುವ ಮನೆಯ ಮಾತನ್ನು ಬೀದಿಗೆ ತರುವುದು ತಪ್ಪು. ಅನ್ನದ ಮುಂದೆ ಚರ್ಮದ ಮಾತು, ನಾಯಿಯ ಹೇಲಿನ ಮಾತು ಬರುವ ಕಥೆಯನ್ನು ಹೇಳುವುದು ಇನ್ನೂ ದೊಡ್ಡ ತಪ್ಪು. ಓದುವವರು ಮೊದಲೇ ಕ್ಷಮಿಸಿಬಿಡಬೇಕು. ಇದಕ್ಕಿಂತ ಚೆನ್ನಾಗಿ ಹೇಳಬಲ್ಲವರು ಯಾರಾದರೂ ಬಂದಾರು ಎಂದು ಇಷ್ಟು ದಿನ ಕಾದದ್ದಾಯಿತು. ಯಾರೂ ಬರಲಿಲ್ಲ.

ತಿಮ್ಮೇಶ ಶ್ರೀರಂಗಪಟ್ಟಣದ ಒಂದು ಗೊಬ್ಬರದಂಗಡಿಯಲ್ಲಿ ಕೆಲಸಕ್ಕಿದ್ದ. ಹಗಲೆಲ್ಲ ಯೂರಿಯಾ ಮೂಟೆಗಳ ನಡುವೆ ಕಳೆದು, ಸಂಜೆ ಬಸ್ಸು ಹಿಡಿದು ಮೈಸೂರಿಗೆ ಹೋಗಿ, ಸಂಜೆ ಕಾಲೇಜಿನಲ್ಲಿ ಬಿ.ಎ. ಮುಗಿಸಿದವನು. ಇಂಗ್ಲಿಷ್ ಬರುತ್ತಿತ್ತು; ಬರುತ್ತದೆ ಎನ್ನುವ ಧೈರ್ಯ ಮಾತ್ರ ಬಂದಿರಲಿಲ್ಲ. ಒಂದು ಮಾತಾಡಿದರೆ, ಆಡಿದ್ದರಲ್ಲಿ ತಪ್ಪೇನಾದರೂ ನುಸುಳಿತೇ ಎಂದು ಮಲಗುವವರೆಗೂ ಅದನ್ನೇ ಮೆಲುಕು ಹಾಕುವ ಸ್ವಭಾವ.

೧೯೯೬ರ ಜನವರಿಯಲ್ಲಿ ಇಂಗ್ಲೆಂಡಿನ ವಯಸ್ಸಾದವರೊಬ್ಬರು ಅಂಗಡಿಯ ಮುಂದೆ ನಿಂತು, ಬಿಳಿಯರ ಹಳೆಯ ಗೋರಿಗಳಿಗೆ ದಾರಿ ಕೇಳಿದರು. ಹೆಸರು ಟ್ಯಾನರ್. ರಿಟೈರಾದ ಮೇಷ್ಟ್ರು. ತಮ್ಮ ಮನೆತನದ ಹೆಸರು ಎಲ್ಲಿ ಹುಟ್ಟಿತು, ಯಾವ ಯಾವ ದೇಶಕ್ಕೆ ಹೋಯಿತು ಎಂದು ಹುಡುಕುವುದೇ ಅವರ ಮುಪ್ಪಿನ ಹವ್ಯಾಸ. ಹಳೆಯ ಯುದ್ಧವೊಂದರಲ್ಲಿ ಟ್ಯಾನರ್ ಎಂಬ ಸಿಪಾಯಿ ಇಲ್ಲಿ ಸತ್ತಿರಬೇಕೆಂದು ಅವರ ಅಂದಾಜು. ತಿಮ್ಮೇಶ ರಜೆ ಹಾಕಿ ಜೊತೆಗೆ ಹೋದ. ಕಲ್ಲುಗಳ ಮೇಲಿನ ಅಕ್ಷರ ಸವೆದುಹೋಗಿತ್ತು. ಮುದುಕರು ಬೇಜಾರು ಮಾಡಿಕೊಳ್ಳದೆ, ಒಂದೊಂದು ಕಲ್ಲನ್ನೂ ಕರ್ಚೀಫಿನಿಂದ ಒರೆಸಿ ನೋಡಿದರು.

ಸುದ್ದಿ ಅರಕೆರೆಗೆ ಹೋಯಿತು. ಅಲ್ಲಿನ ಚಿಕ್ಕಸ್ವಾಮಿ ತಿಮ್ಮೇಶನ ಸೋದರಮಾವ. ಮಾವನ ಮಗಳು ರಂಜಿತಳಿಗೂ ತಿಮ್ಮೇಶನಿಗೂ ಆ ಶುಕ್ರವಾರ ಮದುವೆ ನಿಶ್ಚಯದ ವೀಳ್ಯಶಾಸ್ತ್ರ ಗೊತ್ತಾಗಿತ್ತು. ನಾಲೆ ನೀರಿನ ಗದ್ದೆ, ಕಬ್ಬು ಇರುವ ಮಾವ, ಗೊಬ್ಬರದಂಗಡಿಯ ಅಳಿಯ. ಈ ಸಂಬಂಧಕ್ಕೆ ಒಪ್ಪಿಸಬೇಕಾದರೆ ತಿಮ್ಮೇಶನ ತಾಯಿ ಇಂದ್ರಮ್ಮ ಪಾಂಡವಪುರದಿಂದ ಅಣ್ಣನ ಮನೆಗೆ ಅಲೆದು ಅಲೆದು ಚಪ್ಪಲಿ ಸವೆಸಿದ್ದಳು. ತಿಮ್ಮೇಶನಿಗಂತೂ ರಂಜಿತಳನ್ನು ಬಿಟ್ಟರೆ ಬೇರೆ ಹುಡುಗಿ ಕಣ್ಣಿಗೇ ಬಿದ್ದಿರಲಿಲ್ಲ.

"ದೊರೆನ ನಮ್ಮನೆಗೆ ಊಟಕ್ಕೆ ಕರ್ಕಂಡ್ ಬಾರ್ಲಾ," ಎಂದು ಮಾವ ಅಂಗಡಿಗೇ ಬಂದು ಹೇಳಿದ. "ಕಿಕ್ಕೇರಿ ನೆಂಟ್ರು ಒಟ್ಟೆ ಉರ್ಕಂಡ್ ಸಾಯ್ಲಿ."

ಮಾರನೆಯ ಮಧ್ಯಾಹ್ನ ಮುದ್ದೆ, ನಾಟಿಕೋಳಿ ಸಾರು. ಸ್ಟುಡಿಯೋದವನನ್ನು ಕರೆಸಿ, ಅತಿಥಿಗೆ ಹಾರ ಹಾಕಿ, ಮಾವ ಪಕ್ಕದಲ್ಲಿ ಎದೆಯುಬ್ಬಿಸಿ ನಿಂತು ಫೋಟೊ ತೆಗೆಸಿಕೊಂಡ. ನಡುಮನೆಯಲ್ಲಿ ಸ್ಟೀಲಿನ ಅಗಲ ತಟ್ಟೆ ಇಟ್ಟು, ಅತ್ತೆ ಪುಟ್ಟತಾಯಮ್ಮ ತಾನೇ ಬಡಿಸಿದಳು. ಟ್ಯಾನರ್ ಮುದ್ದೆಯನ್ನು ಅಗಿಯಲು ಹೋಗಿ ಹಲ್ಲಿಗೆಲ್ಲ ಮೆತ್ತಿಕೊಂಡರು. ಬಾಗಿಲ ಮರೆಯಲ್ಲಿ ರಂಜಿತ ಕಿಸಕ್ಕನೆ ನಕ್ಕಳು.

"ನಾಳೆ ಬೆಳಿಗ್ಗೆ ಅಕ್ಕಿರೊಟ್ಟಿಗೂ ಇಲ್ಗೇ ಬರ್ಬೇಕು, ತಪ್ಪುಸ್ಬಾರ್ದು ಅನ್ನು," ಎಂದ ಮಾವ. ಅವರು ಸಂತೋಷದಿಂದ ಒಪ್ಪಿದರು.

"ಅದ್ಸರಿ ಕಣ್ಲಾ, ಈ ಟ್ಯಾನರ್ ಅನ್ನೋ ಎಸ್ರು ಯಾವ ಪೈಕಿದು ಕೇಳು. ರಾಜ್ರ ಪೈಕಿನಾ?"

ಕೇಳಿದ್ದೇ ತಡ, ಮುದುಕರ ಮುಖ ಅರಳಿತು. ಈ ದೇಶದಲ್ಲಿ ಅದನ್ನು ಕೇಳಿದವರು ಇವರೇ ಮೊದಲಂತೆ. ಅವರು ಹೇಳುತ್ತ ಹೋದರು, ತಿಮ್ಮೇಶ ಕನ್ನಡಕ್ಕೆ ತರುತ್ತ ಹೋದ.

"ಹಿಂದೆ ಅವರ ಊರುಗಳಲ್ಲಿ ಒಂದೇ ಹೆಸರಿನೋರು ಸುಮಾರು ಜನ ಇರ್ತಿದ್ರಂತೆ ಮಾವ. ಗುರ್ತಿಗೆ ಕಸುಬು ಸೇರ್ಸಿ ಕರೀತಿದ್ರಂತೆ. ಅದೇ ಮಕ್ಕಳು ಮೊಮ್ಮಕ್ಕಳಿಗೂ ನಿಂತೋಯ್ತಂತೆ."

"ನಮ್ಮಂಗೇ ಅನ್ನು. ಇವ್ರದ್ದೇನಂತೆ ಕಸುಬು?"

ತಿಮ್ಮೇಶನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಮರದ ವ್ಯಾಪಾರ ಎನ್ನಬಹುದಿತ್ತು. ದಂಡಿನ ಕೆಲಸ ಎನ್ನಬಹುದಿತ್ತು. ಆದರೆ ಇಬ್ಬರ ನಡುವೆ ನಿಂತು ಮಾತು ದಾಟಿಸುವವನು ಒಂದನ್ನು ನುಂಗಿದರೂ ಇಬ್ಬರಿಗೂ ಮೋಸ ಮಾಡಿದಂತೆ ಎಂಬ ಹೆದರಿಕೆ ಅವನಿಗೆ.

"ಚರ್ಮ ಹದ ಮಾಡೋದು ಮಾವ."

ಅತ್ತೆಯ ಸೌಟು ಸಾರಿನ ಪಾತ್ರೆಯಲ್ಲೇ ಉಳಿಯಿತು. ಟ್ಯಾನರ್ ಅದನ್ನು ಗಮನಿಸಲಿಲ್ಲ. ಹಸಿ ಚರ್ಮವನ್ನು ಮರದ ತೊಗಟೆಯ ಜೊತೆ ಗುಂಡಿಯಲ್ಲಿ ತಿಂಗಳುಗಟ್ಟಲೆ ನೆನೆಹಾಕುವುದು, ಮೆತ್ತಗಾಗಲು ನಾಯಿಯ ಹೇಲನ್ನು ಕಲಸಿ ತಿಕ್ಕುವುದು, ನಾತಕ್ಕೆ ಹೇಸಿ ಊರಿನವರು ಅವರನ್ನು ಹೊಳೆಯ ಕೆಳಗಡೆ, ಊರಾಚೆ ಇರಿಸುತ್ತಿದ್ದುದು, ಎಲ್ಲವನ್ನೂ ಪಾಠ ಮಾಡುವ ಹುರುಪಿನಲ್ಲಿ ಹೇಳಿದರು. ಈಗ ಆ ಹೆಸರಿನವರು ಸಾವಿರಗಟ್ಟಲೆ ಇದ್ದಾರಂತೆ. ಅಮೆರಿಕದಲ್ಲಂತೂ ಹುಟ್ಟಿದ ಗಂಡುಮಕ್ಕಳಿಗೆ ಅದನ್ನೇ ಹೆಸರಾಗಿ ಇಡುತ್ತಿದ್ದಾರಂತೆ. ಹೇಳಿ, ಗಟ್ಟಿಯಾಗಿ ನಕ್ಕರು.

ಅವರನ್ನು ಲಾಡ್ಜಿಗೆ ಬಿಟ್ಟು ತಿಮ್ಮೇಶ ಹಿಂದಿರುಗಿದಾಗ, ಅತ್ತೆ ಆ ಸ್ಟೀಲಿನ ತಟ್ಟೆಯನ್ನು ಬೂದಿ, ಹುಣಸೆಹಣ್ಣು ಹಾಕಿ ಉಜ್ಜಿ, ಬಚ್ಚಲೊಲೆಯ ಉರಿಗೆ ಹಿಡಿದಿದ್ದಳು. "ಅಯ್ಯೋ ಸಿವ್ನೇ, ನಡುಮನೇಲಿ ಕೂರ್ಸಿ ಇಕ್ಬುಟ್ನಲ್ಲ," ಎನ್ನುತ್ತಿದ್ದಳು. ಅವನು ಜಗುಲಿಯಲ್ಲಿ ಕುಳಿತಿದ್ದ ಮಾವನ ಹತ್ತಿರ ಹೋದ.

"ಅವರು ಮೇಷ್ಟ್ರು ಮಾವ. ಅವರಪ್ಪ ಪೋಸ್ಟಾಫೀಸ್ನಲ್ಲಿದ್ರಂತೆ. ಅದೆಲ್ಲ ಎಂಟುನೂರು ವರ್ಷದ ಹಿಂದಿನ ಮಾತು."

"ಎಂಟ್ನೂರಾಗ್ಲಿ, ಸಾವ್ರಾಗ್ಲಿ, ಉಟ್ಟು ಎಲ್ಲಿಗ್ಲಾ ಓಯ್ತದೆ? ಬೆಳ್ಳಗಿದ್ಬುಟ್ರೆ ಆಯ್ತಾ? ಮಾನ ಇರೋನಾದ್ರೆ ಎಸ್ರಾದ್ರೂ ಬದಲಾಯಿಸ್ಕತಿದ್ದ. ಇವ್ನು ಮೆರೆಸ್ಕಂಡ್ ತಿರುಗ್ತಾನೆ!" ಮಾವ ಫೋಟೊ ತೊಳೆಯಬೇಡ ಎಂದು ಸ್ಟುಡಿಯೋಗೆ ಆಗಲೇ ಆಳು ಅಟ್ಟಿದ್ದ. "ನಾಳಿಕ್ಕೆ ಕರ್ದಾಗೈತೆ, ವಾಪಸ್ ತಗಳಂಗಿಲ್ಲ. ಬರ್ಲಿ. ಮಾಡ್ತೀನಿ ಏನ್ ಮಾಡ್ಬೇಕೋ."

ಬೆಳಿಗ್ಗೆ ಟ್ಯಾನರ್ ಬಂದಾಗ ನಡುಮನೆಯ ಬಾಗಿಲು ಮುಂದಕ್ಕೆ ಹಾಕಿತ್ತು. ಜಗುಲಿಯಲ್ಲಿ ಗೋಣಿತಾಟು. "ಒಳಗೆ ಚಳಿ, ಎಳೆಬಿಸಿಲು ಕಾಯ್ಕಂಡು ತಿನ್ನಿ ಅನ್ನು," ಎಂದ ಮಾವ. ತಿಮ್ಮೇಶ ಹಾಗೆಯೇ ಹೇಳಿದ. ಚಳಿ ಇದ್ದದ್ದು ನಿಜ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಆಮೇಲೆ ಅತ್ತೆ ಕೊಟ್ಟಿಗೆಯ ಸೂರಿನ ಸಂದಿಗೆ ಕೈಹಾಕಿ ನೆಗ್ಗಿದ ಅಲ್ಯೂಮಿನಿಯಂ ತಟ್ಟೆಯೊಂದನ್ನು ಎಳೆದಳು. ಅದು ಸಿದ್ದರಾಜುವಿನದು. ಕಬ್ಬು ಕಡಿಯಲು, ಸತ್ತ ದನ ಎಳೆಯಲು ಊರಾಚೆಯ ಕೇರಿಯಿಂದ ಬರುವ ಸಿದ್ದರಾಜು ಉಂಡು, ತಾನೇ ತೊಳೆದು, ಅಲ್ಲೇ ಸಿಕ್ಕಿಸಿ ಹೋಗುವ ತಟ್ಟೆ. ತಿಮ್ಮೇಶ ಅದನ್ನು ಹುಟ್ಟಿದಾಗಿನಿಂದ ನೋಡಿದ್ದ. ಪಾಂಡವಪುರದ ತನ್ನ ಮನೆಯ ಸೂರಿನಲ್ಲೂ ಅಂಥದ್ದೊಂದಿತ್ತು. ಅದರಲ್ಲಿ ಹೇಸಿಗೆಪಡುವಂಥದ್ದೇನಾದರೂ ಇದೆ ಎಂದು ಅವನಿಗೆ ಅವತ್ತಿನವರೆಗೆ ಅನ್ನಿಸಿರಲಿಲ್ಲ.

ಅತ್ತೆ ತಟ್ಟೆಯನ್ನು ನೆಲಕ್ಕಿಟ್ಟು, ರೊಟ್ಟಿಯನ್ನು ಒಂದು ಮೊಳ ಮೇಲಿನಿಂದ ಬಿಟ್ಟಳು. ಟ್ಯಾನರ್ ಬಿಸಿಲಿಗೆ ಮುಖವೊಡ್ಡಿ ಖುಷಿಯಾಗಿದ್ದರು. ತಟ್ಟೆಯನ್ನು ಮೆಲ್ಲಗೆ ಸವರಿ, ಇದು ಬಹಳ ಹಳೆಯದಲ್ಲವೇ, ಹಿರಿಯರ ಕಾಲದ್ದೇ ಎಂದು ಕೇಳಿದರು.

"ಏನಂತೆ?" ಎಂದ ಮಾವ. ತಿಮ್ಮೇಶ ಹೇಳಿದ. ಮಾವ ತೊಡೆ ತಟ್ಟಿ ನಕ್ಕ. "ಊಂ ಅನ್ನು. ನಿಮ್ಮಂತೋರ್ಗೇ ಅಂತ ಮಡಗಿರೋದು ಅನ್ನು. ಏಳ್ಲಾ ಅವ್ನಿಗೆ, ಏಳು!"

ತಿಮ್ಮೇಶ ಹೇಳಲಿಲ್ಲ. ಗೋಣಿತಾಟಿನ ಮೇಲೆ ಮುದುಕರ ಪಕ್ಕಕ್ಕೆ ಹೋಗಿ ಕುಳಿತ.

"ಅತ್ತೆ, ನಂಗೂ ಇಲ್ಲೇ ಇಕ್ಕಿ."

"ಇನ್ನೊಂದು ತಟ್ಟೆ ಇಲ್ಲ ಕಣಪ್ಪ ಇಲ್ಲಿ. ಒಳಕ್ ಬಾ, ತುಪ್ಪ ಆಕಿವ್ನಿ."

ಬಾಗಿಲಿಗೆ ರಂಜಿತ ಬಂದಳು. "ಭಾವ, ಎದ್ದು ಬನ್ನಿ. ಅಪ್ಪ ರೇಗ್ತಾವ್ರೆ," ಎಂದು ಪಿಸುಗುಟ್ಟಿದಳು. ಅವಳ ಕಣ್ಣಿನಲ್ಲಿ ನೀರಿತ್ತು. ಆದರೆ ಹೊಸಿಲು ದಾಟಲಿಲ್ಲ.

ತಿಮ್ಮೇಶ ಅವಳನ್ನೇ ನೋಡುತ್ತ, ಸಿದ್ದರಾಜುವಿನ ತಟ್ಟೆಗೆ ಕೈಹಾಕಿ, ಟ್ಯಾನರ್ ಕಚ್ಚಿಟ್ಟಿದ್ದ ರೊಟ್ಟಿಯಲ್ಲೇ ಒಂದು ಚೂರು ಮುರಿದು ಬಾಯಿಗಿಟ್ಟುಕೊಂಡ. ಈ ಊರಿನಲ್ಲಿ ಹೀಗೆ ಹಂಚಿಕೊಂಡು ತಿನ್ನುವುದು ಪ್ರೀತಿಯ ವಾಡಿಕೆಯೇನೋ ಎಂದುಕೊಂಡು ಟ್ಯಾನರ್ ತಟ್ಟೆಯನ್ನು ಅವನತ್ತ ಸರಿಸಿದರು.

"ಥೂ! ಎಂಜಲು ತಿಂದ್ಬುಟ್ಯಲ್ಲೋ, ಅದೂ ಆ ತಟ್ಟೇಲಿ!" ಮಾವ ಅಂಗಳಕ್ಕೆ ಉಗಿದ. "ಶುಕ್ರವಾರ ವೀಳ್ಯ ಇಲ್ಲ ಅಂತ ನಿಮ್ಮವ್ವಂಗೆ ಏಳೋಗು. ಎದ್ದೋಗ್ಲಾ ಇಲ್ಲಿಂದ."

ಮುದುಕರಿಗೆ ಮಾತು ತಿಳಿಯದಿದ್ದರೂ ಗದರಿಕೆ ತಿಳಿಯಿತು. ಇಬ್ಬರೂ ಎದ್ದು ನಡೆದರು. ನಾಲೆ ಏರಿ ಹತ್ತುವಷ್ಟರಲ್ಲಿ ತಿಮ್ಮೇಶನ ಹೊಟ್ಟೆ ತೊಳಸಿ ಬಂತು. ಬೇಲಿಯ ಮರೆಗೆ ಓಡಿ, ತಿಂದ ಒಂದೇ ಚೂರನ್ನೂ ಕಕ್ಕಿದ. ಟ್ಯಾನರ್ ಅವನ ಹಣೆ ಹಿಡಿದುಕೊಂಡು, ಖಾರ ಜಾಸ್ತಿಯಾಯಿತೇ ಎಂದು ಕೇಳಿದರು. ಅವನು ಹೌದೆಂದು ತಲೆಯಾಡಿಸಿದ.

ವೀಳ್ಯ ನಡೆಯಲಿಲ್ಲ. ಇಂದ್ರಮ್ಮ ಮಗನ ಜೊತೆ ಬಹಳ ದಿನ ಮಾತಾಡಲಿಲ್ಲ. ಮುಂದಿನ ವರ್ಷ ರಂಜಿತಳನ್ನು ಕಿಕ್ಕೇರಿಯ ಆ ನೆಂಟರ ಮನೆಗೇ ಕೊಟ್ಟರು. ಅದಕ್ಕೆಲ್ಲ ತಿಮ್ಮೇಶ ಹೇಗೋ ಒಗ್ಗಿಕೊಂಡ. ಆದರೆ ಆ ಚೂರು ರೊಟ್ಟಿ ಹೊರಬಂದದ್ದು ಮಾವನ ಮನೆಯ ಮೇಲಿನ ಅಸಹ್ಯಕ್ಕೋ, ಸಿದ್ದರಾಜುವಿನ ತಟ್ಟೆಯದೆಂದು ತನ್ನ ಗಂಟಲೇ ಅದನ್ನು ಒಲ್ಲೆ ಅಂದದ್ದಕ್ಕೋ, ಅವನಿಗೆ ಗೊತ್ತಾಗಲಿಲ್ಲ. ಈಗಲೂ ಗೊತ್ತಿಲ್ಲ.